ಗಮಕಿಗಳ ಡಿವಿಡಿ

“ನನ್ನ ಕಾರ್ಯಕ್ರಮದ ಡಿವಿಡಿಯಲ್ಲಿ ಪ್ರತಿಧ್ವನಿ ಬರ್ತಿದೆ, ತೆಗೆಸ್ಕೊಂಡು ಬಾ. ನಾಡಿದ್ದು ಸನ್ಮಾನಕ್ಕೆ ಬಂದವರಿಗೆಲ್ಲ ಹಂಚ್ಬೇಕು” ಎಂದು ಗಮಕಿ ನಂಜುಂಡಯ್ಯನವರು ಹೆಂಡತಿ ತುಂಗಮ್ಮನನ್ನು ಸ್ಟುಡಿಯೋಗೆ ಅಟ್ಟಿದ್ದರು.

ಪುಸ್ತಕ ಮುಟ್ಟದೆ ಸಾವಿರಾರು ಷಟ್ಪದಿ ಹಾಡುತ್ತಾರೆಂದೇ ಅವರಿಗೆ ಆ ಸನ್ಮಾನ. ತಾನೂ ಒಮ್ಮೆ ವೇದಿಕೆಯಲ್ಲಿ ಹಾಡಲೇ ಎಂದು ತುಂಗಮ್ಮ ಕೇಳಿದ್ದಕ್ಕೆ, “ಒಗ್ಗರಣೆ ಹಾಕೋ ಕೈಗೆ ತಂಬೂರಿ ಯಾಕೆ?” ಎಂದು ನಾಲ್ಕು ಜನರೆದುರು ನಕ್ಕಿದ್ದರು. ಆ ನಗು ಮೂವತ್ತು ವರ್ಷಗಳಿಂದ ಆಕೆಯ ಎದೆಯಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಉಳಿದಿತ್ತು.

ಸ್ಟುಡಿಯೋದವನು ಹೆಡ್‌ಫೋನ್ ಹಾಕಿಕೊಂಡು ಎರಡು ಮೂರು ಸಲ ಕೇಳಿ ಹುಬ್ಬೇರಿಸಿದ.

“ಪ್ರತಿಧ್ವನಿ ಅಂದ್ರೆ ಹಿಂದೆ ಬರ್ಬೇಕಲ್ಲಮ್ಮಾ, ಇದು ಮುಂದೆ ಬರ್ತಿದೆ! ಯಜಮಾನರ ದನಿ ಅವರ ಮೈಕಿಂದು. ಪರದೆ ಪಕ್ಕದ ಕ್ಯಾಮೆರಾ ಮೈಕಲ್ಲಿ ಯಾರೋ ಹೆಂಗಸರು ಪರದೆ ಹಿಂದಿಂದ ಒಂದೊಂದು ಸಾಲೂ ಮೆತ್ತಗೆ ಹಾಡಿಕೊಡ್ತಾರೆ, ಆಮೇಲೆ ಇವರು ಹಾಡ್ತಾರೆ. ಡಿವಿಡಿ ಮಾಡುವಾಗ ಎರಡೂ ಬೆರೆತುಬಿಟ್ಟಿವೆ.”

“ಬೇರೆ ಮಾಡೋಕಾಗುತ್ತಾ?”

“ಧಾರಾಳವಾಗಿ. ಆ ಹೆಂಗಸರ ದನಿ ತೆಗೆದುಬಿಡ್ಲಾ?”

ತುಂಗಮ್ಮ ಹೆಡ್‌ಫೋನ್ ಇಸಿದುಕೊಂಡು, ದೇವರ ಮುಂದೆ ಕೂತಂತೆ ಕಣ್ಣು ಮುಚ್ಚಿ, ತಮ್ಮದೇ ದನಿಯಲ್ಲಿ ಒಂದು ಷಟ್ಪದಿಯನ್ನು ಪೂರ್ತಿ ಕೇಳಿದರು.

“ಪ್ರತಿಧ್ವನಿ ತೆಗೆಸು ಅಂತಲೇ ನಮ್ಮನೆಯವರು ಹೇಳಿ ಕಳಿಸಿರೋದು. ಮುಂದೆ ಬರೋ ದನೀನ ಜೋರು ಮಾಡಿ, ಹಿಂದೆ ಬರೋದನ್ನ ತೆಗೆದುಬಿಡಿ.”