ಇಂಜಿನ್ ಆರಿದ ಮೇಲೆ

"ನನ್ನ ಕಿವಿ ಕೈಕೊಟ್ಟ ದಿನ ಮೊದಲು ನೀನೇ ಹೇಳ್ಬೇಕು ಕಣೇ. ಕಿವುಡನ ಕೈಗೆ ಗಾಡಿ ರಿಪೇರಿಗೆ ಕೊಟ್ರೆ ಜನ ಸಾಯ್ತಾರೆ." ಹೀಗೆಂದಿದ್ದ, ಗ್ಯಾರೇಜು ನಡೆಸುವ ಅಪ್ಪನಿಗೆ ಮಗಳು ಹೇಳುತ್ತೇನೆಂದು ಬಹಳ ಹಿಂದೆಯೇ ಮಾತು ಕೊಟ್ಟಿದ್ದಳು.

ಅಂದು ರಿಪೇರಿಗೆ ಬಂದ ಕಾರು ಸ್ಟಾರ್ಟ್ ಮಾಡಿದರೆ ಗಡಗಡ ಎನ್ನುತ್ತಿತ್ತು, ಏರಿನಲ್ಲಿ ಸೋಲುತ್ತಿತ್ತು. ವಾಲ್ವ್ ಟೈಮಿಂಗ್, ಅಂದರೆ ಇಂಜಿನ್ನಿನ ವಾಲ್ವುಗಳು ತೆರೆದು ಮುಚ್ಚುವ ಹೊತ್ತು, ತಪ್ಪಿದೆ ಎಂದು ಸ್ಕ್ಯಾನರ್ ತೋರಿಸಿತು. ಟೈಮಿಂಗ್ ಬದಲಿಸುವ ಆಯಿಲ್ ವಾಲ್ವನ್ನು ಅಪ್ಪ ಬಿಚ್ಚಿ, ಕಟ್ಟಿಕೊಂಡಿದ್ದ ಜಿಡ್ಡು ತೊಳೆದು ಮತ್ತೆ ಕೂರಿಸಿದ.

"ನಾಳೆ ಮಕ್ಕಳನ್ನ ಕರ್ಕೊಂಡು ಘಟ್ಟ ಇಳೀಬೇಕು. ಆಗುತ್ತಾ?" ಎಂದು ಕಾರಿನವನು ಕೇಳಿದ.

ಅಪ್ಪ ಅವನ ಮುಖವನ್ನೇ ನೋಡುತ್ತ, "ಟೀ ಕುಡಿದು ಬನ್ನಿ ಸಾಹೇಬ್ರೇ, ರೆಡಿ ಇರುತ್ತೆ," ಎಂದ.

ಅವನು ಹೋದ ಮೇಲೆ ಮಗಳು ಸ್ಟಾರ್ಟ್ ಮಾಡಿದಳು. ಗಡಗಡ ಇನ್ನೂ ಜೋರಾಗಿತ್ತು. ಸವೆದದ್ದು ಆ ವಾಲ್ವುಗಳನ್ನು ಆಡಿಸುವ ಒಳಗಿನ ಚೈನು ಎಂದು ಅವಳಿಗೆ ಸದ್ದಿನಲ್ಲೇ ಗೊತ್ತಾಯಿತು. ಅದು ಜಾರಿದರೆ ಇಳಿಜಾರಿನಲ್ಲೇ ಇಂಜಿನ್ ನಿಂತುಹೋಗುತ್ತದೆ.

"ಕೇಳ್ದ್ಯೇನೇ? ಬೆಣ್ಣೆ ಥರ ಓಡ್ತಿದೆ! ನಿಮ್ಮಪ್ಪನ ಕಿವಿ ಅಂದ್ರೆ ಸುಮ್ನೇನಾ?" ಅಪ್ಪ ಬೆನ್ನು ತಿರುಗಿಸಿ ಸ್ಪ್ಯಾನರುಗಳನ್ನು ಎತ್ತಿಡತೊಡಗಿದ.

ಅವಳು ಇಂಜಿನ್ ಆರಿಸಿದಳು. "ಅಪ್ಪಾ, ನಿನಗೆ ಕಿವಿ ಕೇಳಿಸ್ತಿಲ್ಲ," ಎಂದು ಗಟ್ಟಿಯಾಗಿ ಹೇಳಿದಳು.

"ಯಾಕೇ ಸುಮ್ನಾಗ್ಬಿಟ್ಟೆ? ಏನಾದ್ರೂ ಹೇಳೇ," ಎಂದ ಅಪ್ಪ, ತಿರುಗದೆ.

ಅವಳು ಕೊಟ್ಟ ಮಾತು ಉಳಿಸಿಕೊಂಡಿದ್ದಳು.