ಬೀಗದಜ್ಜನ ಬಾಗಿಲು

ಬಾಗಿಲು ತೆರೆದೇ ಇತ್ತು. ಸಿಸ್ಟರ್ ಹೊಸ್ತಿಲಲ್ಲೇ ನಿಂತದ್ದು ಅದಕ್ಕೇ. ನಲವತ್ತು ವರ್ಷ ಊರವರ ಬೀಗ ರಿಪೇರಿ ಮಾಡಿದ ಮುದುಕ, ತನ್ನ ಮನೆಗೆ ಮೂರು ಬೀಗ ಹಾಕದೆ ಕೂರುವವನೇ ಅಲ್ಲ. ಬೀದಿಯವರು ಅವನನ್ನು ಬೀಗದಜ್ಜ ಎನ್ನುತ್ತಿದ್ದದ್ದು ಸುಮ್ಮನೆಯಲ್ಲ.

"ಅಜ್ಜಾ!"

ಕೂಗುತ್ತಲೇ ಒಳಗೆ ನುಗ್ಗಿದರು.

ಗೋಡೆ ಗಡಿಯಾರದಲ್ಲಿ ಎಂಟು ಐವತ್ತು. ದಿನಾ ಎಂಟಕ್ಕೆ ಸರಿಯಾಗಿ ಬರುವ ಸಿಸ್ಟರ್ ಇವತ್ತೇ ತಡ ಮಾಡಿದ್ದರು. ನಿನ್ನೆ ಕ್ಲಿನಿಕ್‌ನಲ್ಲಿ ಎರಡು ಪಾಳಿ ದುಡಿದು ಮಲಗಿದವರಿಗೆ ಎಚ್ಚರವಾದದ್ದೇ ಎಂಟೂವರೆಗೆ. ಫೋನು ಚಾರ್ಜಿಲ್ಲದೆ ಸತ್ತು ಬಿದ್ದಿತ್ತು. ಮುಖಕ್ಕಿಷ್ಟು ನೀರು ಹಾಕಿಕೊಂಡು, ದೊಡ್ಡ ರಸ್ತೆ ಬಿಟ್ಟು ಮಾರುಕಟ್ಟೆಯ ಅಡ್ಡದಾರಿಯಲ್ಲಿ ಓಡಿಬಂದಿದ್ದರು.

ಮೇಜಿನ ಮೇಲೆ ಎರಡು ಕಪ್ ಟೀ, ಎರಡೂ ತಣ್ಣಗಾಗಿ ಕೆನೆಗಟ್ಟಿದ್ದವು. ಬೆಳಗಿನ ಬಿಪಿ ಮಾತ್ರೆ ಹಾಗೇ ಇತ್ತು. ಊರುಗೋಲು ಗೋಡೆಗೆ ಒರಗಿತ್ತು. ಹೋದ ತಿಂಗಳಷ್ಟೇ ಎರಡು ಸಲ ತಲೆಸುತ್ತು ಬಂದು ಕುಸಿದಿದ್ದ ಮನುಷ್ಯ ಕೋಲಿಲ್ಲದೆ ಎಲ್ಲಿಗೆ ಹೋದ? ಸಿಸ್ಟರ್ ಬಚ್ಚಲು ನೋಡಿದರು, ಮಂಚದ ಆಚೆ ಬಗ್ಗಿ ನೋಡಿದರು. ಇವತ್ತು ಈ ಮುದುಕನಿಗೇನಾದರೂ ಆದರೆ ಅದು ತನ್ನ ತಲೆಯ ಮೇಲೇ.

ಹೆಡ್ ನರ್ಸ್ ಆಗಿ ನಿವೃತ್ತರಾದ ಮೇಲೆ, ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಪರದೇಶಕ್ಕೆ ಸೇವಾಸಂಸ್ಥೆಯೊಂದರ ಸ್ವಯಂಸೇವಕಿಯಾಗಿ ಬಂದವರು ಅವರು. ಹಗಲೆಲ್ಲ ಕ್ಲಿನಿಕ್, ಸಂಜೆಗೆ ಬಾಡಿಗೆ ಕೋಣೆ. ಬಂದ ಹೊಸತರಲ್ಲಿ ನಾಲ್ಕು ದಿನ ಸಾಲು ರಜೆ ಬಂತು. ಆ ನಾಲ್ಕೂ ದಿನ ಜ್ವರದಲ್ಲಿ ಕೋಣೆಯಲ್ಲೇ ಬಿದ್ದಿದ್ದರು. ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಆಮೇಲೆ ಅದನ್ನೇ ತಮಾಷೆ ಮಾಡಿ ಹೇಳಿ ನಕ್ಕಿದ್ದರು. ಸಂಸ್ಥೆಯ ಕಾರ್ಯದರ್ಶಿ ಮಾತ್ರ ನಗಲಿಲ್ಲ. ಮರುವಾರವೇ ಕರೆದು, ನೀಲಿ ರಟ್ಟಿನ ಪುಸ್ತಕವೊಂದನ್ನು ಕೈಗಿಟ್ಟು ಹೊಸ ಕೆಲಸ ಹಚ್ಚಿದಳು.

"ದಿನಾ ಬೆಳಿಗ್ಗೆ ಹೋಗಿ ಬನ್ನಿ ಸಿಸ್ಟರ್. ಒಂದು ದಿನವೂ ತಪ್ಪಿಸಬೇಡಿ. ಒಂಟಿ ಜೀವ. ಒಳಗೇ ಏನಾದ್ರೂ ಆದ್ರೆ ಯಾರಿಗೂ ಗೊತ್ತಾಗಲ್ಲ."

ಪುಸ್ತಕದ ಮೊದಲ ಪುಟದಲ್ಲಿ ಎರಡೇ ಸಾಲು. 'ಸ್ವಯಂಸೇವಕರು' ಎಂಬಲ್ಲಿ ಸಿಸ್ಟರ್ ಹೆಸರು. 'ಒಂಟಿ ವೃದ್ಧರು' ಎಂಬಲ್ಲಿ ಬೀಗದಜ್ಜನದು.

ಏಳು ತಿಂಗಳಾಯಿತು, ಭಾನುವಾರವೂ ತಪ್ಪಿರಲಿಲ್ಲ. ಮುದುಕನಿಗೂ ಹೊತ್ತು ಹೋಗಲಿ ಎಂದು ಅವನ ಭಾಷೆಯನ್ನು ತಪ್ಪುತಪ್ಪಾಗಿ ಮಾತಾಡಿ ತಿದ್ದಿಸಿಕೊಳ್ಳುತ್ತಿದ್ದರು. ಮಗಳು ಫೋನಿನಲ್ಲಿ, "ಅಮ್ಮಾ, ಅಲ್ಲಿ ನಿನ್ನನ್ನ ಯಾರು ನೋಡ್ಕೋತಾರೆ?" ಎಂದರೆ ಸಿಡುಕುತ್ತಿದ್ದರು. "ನಾನೇನು ಹಸುಗೂಸಾ? ನಾನೇ ಇಲ್ಲೊಬ್ಬ ಮುದುಕನ್ನ ಸಾಕ್ತಾ ಇದ್ದೀನಿ."

ಈಗ ಆ ಮುದುಕನೇ ಇಲ್ಲ. ಮೂಲೆಯ ಮೊಳೆ ಖಾಲಿ. ಅಲ್ಲಿರಬೇಕಾದ ಬೀಗ ರಿಪೇರಿಯ ಚೀಲವೂ ಇಲ್ಲ. ಆ ಭಾರ ಮುಟ್ಟಬೇಡಿ ಎಂದು ಎಷ್ಟು ಸಲ ಗದರಿಲ್ಲ!

ಟೀ ಕಪ್ಪಿನ ಆಚೆ ನೀಲಿ ಪುಸ್ತಕ ಬಿದ್ದಿತ್ತು. ನಿನ್ನೆ ಮರೆತು ಹೋದೆನೇನೋ ಎಂದು ಎತ್ತಿಕೊಂಡ ಸಿಸ್ಟರ್‌ಗೆ ತಕ್ಷಣ ನೆನಪಾಯಿತು, ತಮ್ಮದು ಕೈಚೀಲದಲ್ಲೇ ಇದೆ. ನಡುವಿನ ಪುಟ ತೆರೆದರು. ಅಜ್ಜನ ನಡುಗುವ ಅಕ್ಷರ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು.

'ಬೂದು ಸ್ವೆಟರ್. ಕಣ್ಣು ಕೆಂಪು. ಅತ್ತಿರಬೇಕು.'

'ಮಗಳ ಫೋನು ಬಂದು ಹತ್ತು ದಿನ.'

'ಕೋಣೆಯಲ್ಲಿ ಒಬ್ಬಳೇ. ಪಕ್ಕದ ಮನೆಯೂ ಖಾಲಿ. ಕೂಗಿದರೆ ಯಾರಿಗೂ ಕೇಳಿಸದು.'

ಅದರ ಕೆಳಗೆ ಒಂದು ಬೀಗದ ಚಿತ್ರ. ಪಕ್ಕದಲ್ಲಿ ಸಿಸ್ಟರ್ ಮನೆಯ ನಂಬರು. 'ಹಳೆಯ ಬೀಗ. ಎರಡು ನಿಮಿಷದ ಕೆಲಸ.'

ಹೋದ ತಿಂಗಳು ನಲ್ಲಿ ರಿಪೇರಿಗೆಂದು ತಮ್ಮ ಕೋಣೆಗೆ ಬಂದ ಅಜ್ಜ ಬಾಗಿಲ ಬಳಿಯೇ ಅಷ್ಟು ಹೊತ್ತು ಯಾಕೆ ನಿಂತಿದ್ದ ಎಂಬುದು ಈಗ ಹೊಳೆಯಿತು. ದಿನದಿನದ ಪ್ರಶ್ನೆಗಳೂ ಬೇರೆ ದನಿಯಲ್ಲಿ ಕೇಳಿಸಿದವು. 'ಎಷ್ಟೊತ್ತಿಗೆ ಮಲಗಿದ್ರಿ? ಮನೆಗೆ ಯಾರಾದ್ರೂ ಬಂದಿದ್ರಾ?' ಛೆ, ಏಳು ತಿಂಗಳು ಹಾಲೆರೆದದ್ದು ಹಾವಿಗಾ! ಹೆದರಿಕೆಗಿಂತ ಸಂಕಟವೇ ಹೆಚ್ಚಾಯಿತು. ಈ ಊರಿನಲ್ಲಿ ತನ್ನವರು ಎನ್ನಲು ಅವರಿಗಿದ್ದದ್ದು ಅವನೊಬ್ಬನೇ.

ಕೊನೆಯ ಬರಹದ ಶಾಯಿ ಹೊಸತು. 'ಇಂದು. ಇನ್ನು ಕಾಯುವುದು ಬೇಡ. ಬೀಗ ತೆಗೆದೇಬಿಡುತ್ತೇನೆ.'

ಸಿಸ್ಟರ್ ಅಜ್ಜನ ಮೇಜಿನ ಫೋನೆತ್ತಿ ಸಂಸ್ಥೆಯ ಆಫೀಸಿಗೆ ಹಚ್ಚಿದರು. ಎರಡು ಸಲ ನಂಬರು ತಪ್ಪಿತು. ಮೂರನೆಯ ಸಲ, ಇವರು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಕಾರ್ಯದರ್ಶಿ ಕೂಗಿಕೊಂಡಳು. ನಂಬರು ನೋಡಿಯೇ ಎತ್ತಿದ್ದಳು.

"ಅಜ್ಜಾ, ಇಷ್ಟು ಬೇಗ ವಾಪಸ್ ಬಂದ್ರಾ? ಬೀಗ ತೆಗೆದ್ರಾ? ಸಿಸ್ಟರ್ ಉಸಿರಾಡ್ತಿದ್ದಾರಾ? ಆಂಬುಲೆನ್ಸ್ ಅವರ ಮನೆಗೆ ಆಗ್ಲೇ ಹೊರಟಿದೆ!"

ಸಿಸ್ಟರ್ ಫೋನನ್ನು ಕಿವಿಗೆ ಒತ್ತಿಕೊಂಡೇ ಪುಸ್ತಕದ ಪುಟಗಳನ್ನು ಹಿಂದಕ್ಕೆ ಮಗುಚುತ್ತ ಹೋದರು, ಮೊದಲ ಪುಟದವರೆಗೆ. ಅದೇ ಸಂಸ್ಥೆಯ ಮೊಹರು, ಅವೇ ಎರಡು ಸಾಲು.

'ಸ್ವಯಂಸೇವಕರು' ಎಂಬಲ್ಲಿ ಬೀಗದಜ್ಜನ ಹೆಸರಿತ್ತು. 'ಒಂಟಿ ವೃದ್ಧರು' ಎಂಬಲ್ಲಿ ಸಿಸ್ಟರ್‌ದು.