ಚುಕ್ಕೆಗೆರೆ

ಜಲ್ಲಿಕಲ್ಲು ಸರಿಸುತ್ತಿದ್ದ ಉರ್ಸಿನಾಳ ಕೈ ಗಕ್ಕನೆ ನಿಂತಿತು. ಆಲ್ಪ್ಸ್ ಬೆಟ್ಟದ ಆ ಇಳಿಜಾರಿನಲ್ಲಿ, ಒಂದು ಕಾಲಕ್ಕೆ ಬಿರಿದು ದೂರವಾದ ಖಂಡದ ಅಂಚಿನ ಬಿಳಿಗಲ್ಲೂ ಕಡಲತಳದ ಹಸಿರುಗಲ್ಲೂ ಒಂದಕ್ಕೊಂದು ಅಂಟಿಕೊಂಡಿದ್ದವು. ಭೂವಿಜ್ಞಾನಿಯಾಗಿದ್ದ, ತೀರಿಹೋದ ಗಂಡ ತನ್ನ ನಕ್ಷೆಯಲ್ಲಿ ಈ ಎರಡು ಕಲ್ಲು ಕೂಡುವ ಗಡಿಗೆ ಇಲ್ಲಿ ಮಾತ್ರ ಚುಕ್ಕೆಗೆರೆ ಎಳೆದಿದ್ದ. ಊಹೆಗೆ ಚುಕ್ಕೆ, ಕಣ್ಣಾರೆ ಕಂಡದ್ದಕ್ಕೆ ತುಂಬುಗೆರೆ. ಇದನ್ನು ತುಂಬಿದರೆ ಅವನ ನಕ್ಷೆ ಮುಗಿಯುತ್ತಿತ್ತು, ಅವಳಿಗೆ ಈ ಬೆಟ್ಟ ಹತ್ತಲು ಇದ್ದ ಕಾರಣವೂ ಮುಗಿಯುತ್ತಿತ್ತು.

ಬಿಸಿಲಿಗೆ ಕಾದ ಆ ಸಂದಿನ ಮೇಲೆ ಅಂಗೈಯಿಟ್ಟು ತುಸು ಹೊತ್ತು ಕುಳಿತಳು. ಆಮೇಲೆ ಜಲ್ಲಿಯನ್ನು ಮೊದಲಿನಂತೆ ಮುಚ್ಚಿದಳು.

ಸಂಜೆ ತಂಗುಮನೆ ನೋಡಿಕೊಳ್ಳುವ ಬಾಲ್ಜರ್ ಬಾರ್ಲಿ ಸೂಪಿನ ಬಟ್ಟಲು ಮುಂದಿಟ್ಟ. "ಏನಕ್ಕಾ, ಯಜಮಾನ್ರ ಗೆರೆ ಈ ಸಲನಾದ್ರೂ ಸಿಕ್ತಾ? ಇಲ್ಲಾ ಕಲ್ಲುಗಳು ನಿಮ್ಮನ್ನೂ ಆಟ ಆಡಿಸ್ತಿವೆಯಾ?"

"ಸಿಗ್ಲಿಲ್ಲ ಕಣಪ್ಪಾ," ಎಂದಳು, ಹಸಿರುಗಲ್ಲಿನ ಪುಡಿ ಮೆತ್ತಿದ್ದ ಉಗುರುಗಳನ್ನು ಮಡಿಲಲ್ಲಿ ಮರೆಮಾಡುತ್ತಾ. "ಬರೋ ಬೇಸಿಗೆಗೂ ಕಿಟಕಿ ಪಕ್ಕದ ಮಂಚ ನನಗೇ ಇಟ್ಟಿರು."